ನಡೆದು ಬಂದ ಸುದ್ದಿ

ಕಾಡುಗದ್ದೆಯ ಮನೆಗೆ ಸಾವಿನ ಸುದ್ದಿ ಯಾವತ್ತೂ ನಡೆದೇ ಬರುತ್ತಿತ್ತು.

ಹಾನುಬಾಳಿನ ದೊಡ್ಡ ರಸ್ತೆ ಬಿಟ್ಟು ಕಾಫಿ ತೋಟಗಳ ನಡುವಿನ ಜಾಡು ಹಿಡಿದರೆ, ಅದು ಗದ್ದೆಬಯಲಿಗೆ ಇಳಿಯುವ ಮೊದಲು ಒಂದು ಉಣುಗೋಲಿನ ಮುಂದೆ ನಿಲ್ಲುತ್ತದೆ. ಎರಡು ಕಲ್ಲುಗಂಬ, ಅವುಗಳ ತೂತುಗಳಿಗೆ ಅಡ್ಡ ತೂರಿಸಿದ ಬಿದಿರ ಗಳುಗಳು. ಬಂದವರು ಗಳು ಸರಿಸಿ ಒಳಗೆ ಬಂದು, ದನ ನುಗ್ಗದಂತೆ ಮತ್ತೆ ತೂರಿಸಬೇಕು. ಸಾವಿನ ಸುದ್ದಿ ತರುವವನು ಮಾತ್ರ ಗಳುವನ್ನು ಮುಟ್ಟುತ್ತಿರಲಿಲ್ಲ. ಸತ್ತವರ ಹಿತ್ತಲಿನಿಂದ ಕಡಿದ ಹಸಿ ಕೋಲು ಹಿಡಿದು, ಹೆಗಲ ಟವೆಲನ್ನು ಸೊಂಟಕ್ಕೆ ಬಿಗಿದು, ಆಚೆಯೇ ನಿಂತು ಒಂದು ಮಾತು ಕೇಳುತ್ತಿದ್ದ.

"ಊಟ ಆಯ್ತಾ?"

ಅಷ್ಟಕ್ಕೇ ಮನೆಯವರಿಗೆ ಗೊತ್ತಾಗುತ್ತಿತ್ತು. ಆದರೂ ಯಾರು, ಏನು ಎಂದು ಕೇಳುವಂತಿಲ್ಲ. ಊಟ ಆಗಿರದಿದ್ದರೆ ಒಳಗೆ ಹೋಗಿ ಉಣ್ಣಬೇಕು. ಸುದ್ದಿ ಕಿವಿಗೆ ಬಿದ್ದ ಮೇಲೆ ಆ ದಿನ ಒಲೆ ಹೊತ್ತಿಸುವಂತಿಲ್ಲವಲ್ಲ. ಅವರು ಉಂಡು ಕೈ ತೊಳೆಯುವ ತನಕ ಅವನು ಬಿಸಿಲಲ್ಲೋ ಚಳಿಯಲ್ಲೋ ನಿಂತಿರುತ್ತಿದ್ದ. ಆಮೇಲೆ ಮನೆಯ ಹಿರಿಯರು ಹೊರಗೆ ಬಂದು, "ಯಾರ ಜೊತೆ ಬಂದ್ಯಪ್ಪ?" ಎಂದು ಕೇಳಿದಾಗ ಹೆಸರು ಹೇಳುತ್ತಿದ್ದ. ಏಕೆಂದರೆ ಅವನು ಒಬ್ಬನೇ ಬಂದಿರುತ್ತಿರಲಿಲ್ಲ. ಸತ್ತ ಜೀವ ತನ್ನವರ ಮನೆಗಳಿಗೆ ಕೊನೆಯ ಸಲ ಹೋಗಿ ಬರಬೇಕು, ಅದಕ್ಕೆ ದಾರಿಯಲ್ಲಿ ಒಂದು ಜೊತೆ ಬೇಕು, ಆ ಜೊತೆಯೇ ಈ ಮನುಷ್ಯ ಎಂಬುದು ಆ ಕಡೆಯ ನಂಬಿಕೆ. ಹಿರಿಯರು ಒಂದು ಚೊಂಬು ನೀರನ್ನು ನೆಲಕ್ಕೆ ಬಿಟ್ಟು "ಕುಡಿದು ಹೋಗು" ಎನ್ನುತ್ತಿದ್ದರು. ಕೊನೆಯ ಮನೆಯಲ್ಲಿ ಅವನು ಕೋಲನ್ನು ಮುರಿದು ಹಾಕಿದರೆ ಜೊತೆ ಮುಗಿಯಿತು. ಹಿಂದಕ್ಕೆ ತಿರುಗಿ ನೋಡದೆ ಹೊರಟುಬಿಡುತ್ತಿದ್ದ.

ಸುಮಿತ್ರಮ್ಮ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಇದನ್ನು ಕಂಡಳು. ಯಾರೋ ದೂರದ ಅಜ್ಜಿ ಹೋದ ಸುದ್ದಿ ಹಿಡಿದು ಕೇರಿಯ ಜವರಯ್ಯ ಬರುತ್ತಿದ್ದ. ಆ ಕೆಲಸ ಅವನ ಮನೆತನಕ್ಕೆ ಅಂಟಿಸಿದ್ದು. ಅಡಿಗೆಮನೆಯ ಕಿಂಡಿಯಿಂದ ನೋಡಿದರೆ, ಅಷ್ಟು ಅಗಲದ ಜಾಡಿನಲ್ಲಿ ಅವನು ಬೇಲಿಯನ್ನು ಸವರಿಕೊಂಡಂತೆ ಒಂದು ಮಗ್ಗುಲಿಗೇ ನಡೆದು ಬರುತ್ತಿದ್ದ.

"ಅದ್ಯಾಕೆ ಹಂಗೆ ಬೇಲಿ ಒತ್ಕೊಂಡು ಬತ್ತಾನೆ?" ಎಂದು ಪಕ್ಕದಲ್ಲಿದ್ದ ನಾದಿನಿ ಗಂಗಾಮಣಿಯನ್ನು ಕೇಳಿದಳು.

"ಪಕ್ಕದಾಗಿರೋರಿಗೆ ಜಾಗ ಬೇಡ್ವಾ ಅತ್ತಿಗೆ?" ಎಂದು ಗಂಗಾಮಣಿ ಅವಳ ಸೊಂಟಕ್ಕೆ ಚಿವುಟಿ ನಕ್ಕಿದ್ದಳು. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಒಲೆಯ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುವ ಹುಡುಗಿ.

ಆಮೇಲೆ ಗಂಗಾಮಣಿಯನ್ನು ಆಲೂರು ಸೀಮೆಗೆ, ಬಾಳ್ಳುಪೇಟೆಯಿಂದ ಒಳಗಿನ ಕಲ್ಲುಕಟ್ಟೆ ಎಂಬ ಊರಿನ ವೀರಯ್ಯನಿಗೆ ಕೊಟ್ಟರು. ಮಕ್ಕಳಾಗಲಿಲ್ಲ. ವರ್ಷಕ್ಕೊಮ್ಮೆ ಕಾಫಿ ಕೊಯ್ಲು ಮುಗಿದ ಮೇಲೆ ತವರಿಗೆ ಬಂದು ಒಂದು ತಿಂಗಳು ಇದ್ದು ಹೋಗುವಳು. ಅವಳು ಬರುವ ಹೊತ್ತಿಗೆ ತಾಯಿ ಭದ್ರಮ್ಮ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿಟ್ಟು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ಯಾರೂ ಮುಟ್ಟದಂತೆ ಕಾಯುತ್ತಿದ್ದಳು.

ಅರವತ್ತನೇ ಇಸವಿಯ ಆಸುಪಾಸಿನಲ್ಲಿ, ಸುಮಿತ್ರಮ್ಮನ ಗಂಡ ಪುಟ್ಟಸ್ವಾಮಿ ಲೆಕ್ಕ ಬರೆಯುವ ರೈಟರಾಗಿದ್ದ ಎಸ್ಟೇಟಿಗೆ ಫೋನು ಬಂತು. ಕಂಬ ನೆಟ್ಟು ತಂತಿ ಎಳೆದ ದಿನ ಅವನು ಊಟಕ್ಕೆ ಕೂತವನು ಅದನ್ನೇ ಹೇಳುತ್ತ ಎದ್ದೇ ಇಲ್ಲ.

"ಇಲ್ಲಿ ತಿರುವಿದ್ರೆ ಸಕಲೇಶಪುರದಾಗೆ ಹುಡುಗ ಎತ್ಕೊಂತಾನೆ. ಬಾಳ್ಳುಪೇಟೆ ಕೊಡು ಅಂದ್ರೆ ಕೊಡ್ತಾನೆ. ಗಂಗಾನ ಗಂಡ ಅಲ್ಲಿ ಮಂಡಿಗೆ ಬಂದಿದ್ರೆ, ಇಲ್ಲಿ ಕೂತ್ಕಂಡೇ ಮಾತಾಡ್ಬೋದು ಕಣವ್ವ."

"ಅವ್ನು ಅಲ್ಲಿ, ನೀನು ಇಲ್ಲಿ. ನಡುವಿರೋ ದಾರಿ ಏನಾಯ್ತು?" ಎಂದಳು ಭದ್ರಮ್ಮ.

"ದಾರಿ ಎಲ್ಲಿಗೋಯ್ತದೆ, ಇರ್ತೈತೆ. ನಡಿಯೋದು ತಪ್ತು."

"ಒಳ್ಳೇದಾಯ್ತು ಬಿಡು. ನಿಂಗೆ ಮೊದ್ಲೇ ಹಿಮ್ಮಡಿ ನೋವು."

ಎಲ್ಲರೂ ನಕ್ಕರು. ಮಗಳು ಚೆಲುವಿ ಎರಡು ತೆಂಗಿನ ಚಿಪ್ಪಿಗೆ ದಾರ ಕಟ್ಟಿ, ಒಂದನ್ನು ಅಜ್ಜಿಯ ಕಿವಿಗಿಟ್ಟು, ಕೊಟ್ಟಿಗೆಯಿಂದ "ಅಲ್ಲೋ, ಅಲ್ಲೋ" ಎಂದು ಕೂಗಿ ಆಡಿದಳು. "ಕೂಗಿದ್ದು ಹಂಗೇ ಕೇಳ್ತೈತಲ್ಲೇ, ಚಿಪ್ಪು ಯಾಕೆ?" ಎಂದು ಅಜ್ಜಿ ಗದರಿದಳು.

ಆ ಫೋನಿನಲ್ಲೇ ಗಂಗಾಮಣಿ ಸತ್ತ ಸುದ್ದಿ ಬಂತು.

ಕೊಯ್ಲಿನ ಕೊನೆಯ ದಿನಗಳು. ಕಣದ ತುಂಬ ಹಣ್ಣು ಹರಡಿತ್ತು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕಡೆಯಿಂದ ಹುಳಿವಾಸನೆ ಬರುತ್ತಿತ್ತು. ಬೆಳಗಿನ ರೊಟ್ಟಿಯ ಹೊತ್ತು. ಭದ್ರಮ್ಮ ಅಡಿಗೆಮನೆಯಲ್ಲಿ ಕಾಲು ಚಾಚಿ ಕೂತು, ರೊಟ್ಟಿ ಮುರಿದು ಚಟ್ನಿಗೆ ಅದ್ದುತ್ತಿದ್ದಳು. ಸುಮಿತ್ರಮ್ಮ ಕಾವಲಿಯ ಮುಂದೆ ಇದ್ದಳು. ಉಣುಗೋಲಿನ ಗಳು ದಡದಡ ಬಿದ್ದ ಸದ್ದಾಯಿತು. ಪುಟ್ಟಸ್ವಾಮಿ ಅಂಗಳ ದಾಟಿ, ಜಗಲಿ ದಾಟಿ, ಮೆಟ್ಟು ಕಾಲಲ್ಲೇ ಅಡಿಗೆಮನೆಗೆ ನುಗ್ಗಿದ.

"ಅವ್ವಾ, ಗಂಗಾ ಹೋಗ್ಬುಟ್ಲಂತೆ. ಜ್ವರ ಬಂದಿತ್ತಂತೆ. ಬೆಳಗಿನ ಜಾವ ಹೋಗ್ಬುಟ್ಲಂತೆ."

ಕಾವಲಿಯ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಭದ್ರಮ್ಮ ಕೈಯಲ್ಲಿದ್ದ ತುಂಡನ್ನು ಎಲೆಯ ಅಂಚಿಗೆ ಇಟ್ಟಳು. ಮಗನ ಕಾಲ ಮೆಟ್ಟನ್ನು ನೋಡಿದಳು.

"ಯಾರು ಬಂದಿದ್ರು ಹೇಳಕ್ಕೆ?"

"ಫೋನಾಗೆ ಹೇಳಿದ್ರು. ಬಾಳ್ಳುಪೇಟೆಯಿಂದ. ಭಾವನೇ ಮಾತಾಡ್ದ."

"ಭಾವ ಬಂದವ್ನಾ?"

"ಇಲ್ಲ ಕಣವ್ವ, ಫೋನಾಗೆ..."

"ಹಂಗಾದ್ರೆ ಯಾರೂ ಬಂದಿಲ್ಲ," ಎಂದು ಭದ್ರಮ್ಮ ಎದ್ದು ಕೈ ತೊಳೆದಳು.

ಹಾನುಬಾಳಿನ ಖಲಂದರ್ ಸಾಬರ ಜೀಪು ತರಿಸಿದರು. ಫೋನು ಬಂದದ್ದರಿಂದ ಮಣ್ಣಿಗೆ ಮೊದಲೇ ಹೋಗಿ ಮುಖ ನೋಡಲು ಸಿಕ್ಕಿತು. ಹಿಂದಿನ ಕಾಲವಾಗಿದ್ದರೆ ಅಣ್ಣನಾದವನಿಗೆ ಅಷ್ಟೂ ಸಿಗುತ್ತಿರಲಿಲ್ಲ ಎಂದು ಜೀಪಿನಲ್ಲಿ ಎಲ್ಲರೂ ಹೇಳಿದರು, ಅದು ನಿಜವೂ ಆಗಿತ್ತು. ಭದ್ರಮ್ಮ ಮಾತ್ರ ಹತ್ತಲಿಲ್ಲ. "ಕೊಯ್ಲು ಮುಗಿದ ಮೇಲೆ ಬತ್ತೀನಿ ಅಂದವ್ಳೆ. ನಾನು ಅತ್ಲಾಗೆ ಹೋದ್ರೆ, ಅವ್ಳು ಇತ್ಲಾಗೆ ಬಂದು ಬಾಗ್ಲು ಹಾಕಿರೋದು ನೋಡ್ಬೇಕಾ?" ಎಂದು ಜಗಲಿಯ ಕಂಬಕ್ಕೆ ಒರಗಿ ಕೂತಳು.

ಕೊಟ್ಟ ಹೆಣ್ಣಿನ ಸೂತಕ ಮೂರು ದಿನಕ್ಕೆ ಕಳೆಯಿತು. ಮನೆ ಸಾರಿಸಿ, ಮೈಗೆ ನೀರು ಹಾಕಿಕೊಂಡು, ಸುಮಿತ್ರಮ್ಮ ಮನೆದೇವರಿಗೆ ದೀಪ ಹಚ್ಚಿದಳು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ಭದ್ರಮ್ಮ ತನ್ನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿದಳು.

"ಇದು ಯಾರಿಗೆ ಅಜ್ಜಿ?" ಎಂದಳು ಚೆಲುವಿ.

"ನಿನ್ನ ಗಂಗತ್ತೆಗೆ. ಹೊರಟವ್ಳಂತೆ, ದಾರಿಯಾಗವ್ಳೆ."

ಚೆಲುವಿ ತಾಯಿಯ ಮುಖ ನೋಡಿದಳು. ಸುಮಿತ್ರಮ್ಮ ಬಡಿಸಿದಳು, ಬೇರೇನು ಮಾಡಬೇಕೆಂದು ತೋಚಲಿಲ್ಲ. ಭದ್ರಮ್ಮ ಉಣ್ಣದೆ ಕಾದಳು. ಉಳಿದವರು ಉಂಡು ಎದ್ದರು. ಅನ್ನ ತಣ್ಣಗಾಗಿ, ಸಾರಿನ ಮೇಲೆ ಕೆನೆ ಕಟ್ಟಿದ ಮೇಲೆ ಎರಡು ತುತ್ತು ಬಾಯಿಗೆ ಹಾಕಿಕೊಂಡು, ಎರಡೂ ಎಲೆ ಎತ್ತಿ ಹಸುವಿಗೆ ಹಾಕಿ ಬಂದಳು.

ಅಂದಿನಿಂದ ಅದೇ ನಡೆಯಿತು. ರೊಟ್ಟಿಯಾದರೂ ಅಷ್ಟೇ, ಕಡುಬಾದರೂ ಅಷ್ಟೇ. ಬರುವವಳು ಬಂದ ಮೇಲೆ ಜೊತೆಗೆ ಉಣ್ಣುತ್ತೇನೆ ಎನ್ನುವುದು, ಕಾಯುವುದು, ಎರಡು ತುತ್ತಿಗೆ ಎದ್ದುಬಿಡುವುದು. ಬಳೆ ಮೊಣಕೈ ತನಕ ಜಾರತೊಡಗಿತು. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಲೇ ಇಲ್ಲ.

ಪುಟ್ಟಸ್ವಾಮಿ ಮೊದಮೊದಲು ಸಮಾಧಾನ ಹೇಳಿದ. ಆಮೇಲೆ ಕೂಗಾಡಿದ.

"ನಾನೇ ಕಣ್ಣಾರೆ ನೋಡಿವ್ನಿ. ಈ ಕೈಯಾಗೆ ಮಣ್ಣು ಹಾಕಿವ್ನಿ. ನಿಂಗೆ ಮಗ ಹೇಳಿದ್ದಕ್ಕಿಂತ ಇನ್ನೇನು ಬೇಕವ್ವ?"

"ನೀನು ಒಳಗೆ ತಂದುಬುಟ್ಟೆ," ಎಂದಳು ಭದ್ರಮ್ಮ, ಸಿಟ್ಟಿಲ್ಲದೆ. "ಉಣ್ಣೋ ಎಲೆ ಮುಂದಕ್ಕೆ ತಂದುಬುಟ್ಟೆ. ಆಚೆ ನಿಂತು ಹೋಗೋದನ್ನ ಒಳಗೆ ಕರ್ಕೊಂಡು ಬಂದ್ರೆ, ಅದು ಎಲ್ಲಿಗಪ್ಪ ಹೋಗ್ಬೇಕು?"

"ಯಾವ್ದು ಹೋಗ್ಬೇಕು?"

"ಸುದ್ದಿ ಬಂತು, ಅವ್ಳು ಬರ್ಲಿಲ್ಲ. ತಂತಿ ಮೇಲೆ ಅವ್ಳು ಹೆಂಗೆ ನಡೀತಾಳೆ? ಯಾರ ಜೊತೇಲಿ ಬರ್ತಾಳೆ? ಹೊಳೆದಂಡೇಲಿ ಕೂತವ್ಳೋ ಏನೋ, ಯಾರಾದ್ರೂ ಈ ಕಡೆ ಬರೋರು ಸಿಗ್ತಾರೇನೋ ಅಂತ."

ಅಲ್ಲಿಗೆ ಸುಮಿತ್ರಮ್ಮನಿಗೆ ಒಂದು ವಿಷಯ ಅರ್ಥವಾಯಿತು. ಅತ್ತೆಗೆ ಬುದ್ಧಿಭ್ರಮಣೆಯಾಗಿಲ್ಲ. ಮಗಳು ಸತ್ತಿಲ್ಲ ಎಂದು ಅವಳು ಒಮ್ಮೆಯೂ ಅಂದಿರಲಿಲ್ಲ. ಬಂದಿಲ್ಲ ಎನ್ನುತ್ತಿದ್ದಳು, ಅಷ್ಟೆ.

ಸಂಜೆಗಳು ಕೆಟ್ಟವಾದವು. ದೀಪ ಹಚ್ಚುವ ಹೊತ್ತಿಗೆ ಉಣುಗೋಲಿನ ಕಡೆ ಬಿದಿರು ಟಕ್ಕೆನ್ನುತ್ತಿತ್ತು. ಒಣಗಿದ ಬಿದಿರು ತಂಪಿಗೆ ಸದ್ದು ಮಾಡುವುದು ಹೊಸತೇನಲ್ಲ. ಆದರೆ ನಾಯಿ ತಲೆ ಎತ್ತಿ ಆ ಕಡೆ ನೋಡಿ, ಬೊಗಳದೆ ಬಾಲ ಆಡಿಸುವುದು ಹೊಸತು. ಒಂದು ಸಂಜೆ ಹಾಲು ಕರೆದು ಬರುತ್ತಿದ್ದ ಸುಮಿತ್ರಮ್ಮ, ಮೇಲಿನ ಗಳು ಅರ್ಧ ಸರಿದಿರುವುದನ್ನು ಕಂಡಳು. ಚೆಲುವಿಯನ್ನು ಬೈಯಲು ಹೋದರೆ ಅವಳು ಒಳಗೆ ಮಗ್ಗಿ ಬರೆಯುತ್ತ ಕೂತಿದ್ದಳು. ಸುಮಿತ್ರಮ್ಮ ಗಳುವನ್ನು ತೂರಿಸಲು ಕೈ ಹಾಕಿದಳು, ಯಾಕೋ ತೂರಿಸದೆ ಹಾಗೇ ಬಿಟ್ಟು ಬಂದಳು. ಅದನ್ನು ಯಾರಿಗೂ ಹೇಳಲಿಲ್ಲ.

ಪುಟ್ಟಸ್ವಾಮಿಯೂ ಹೇಳದೆ ಇಟ್ಟುಕೊಂಡದ್ದು ಇತ್ತು. ಒಂದು ಬೆಳಿಗ್ಗೆ ಬೆಲ್ಲದ ಕಾಫಿ ಕುಡಿಯುತ್ತ ಲೋಟ ನೋಡಿಕೊಂಡೇ ಹೇಳಿದ.

"ಆ ಫೋನು ಎತ್ತಿದ್ರೆ ಸುಮಿತ್ರ, ಮಾತು ಬರೋಕೆ ಮುಂಚೆ ವಸಿ ಹೊತ್ತು ಬರೀ ಗುಂಯ್ ಅಂತೈತೆ. ಮೊದ್ಲು ಅದು ಕೇಳ್ತಾನೇ ಇರ್ಲಿಲ್ಲ. ಈಗ ಅದೇ ಕೇಳ್ತೈತೆ. ಅದ್ರೊಳಗೆ ಯಾರೋ ದೂರದಾಗೆ ಕಾಲೆಳ್ಕೊಂಡು ನಡ್ದಂಗೆ."

"ರಾಮ ರಾಮ. ದೇವ್ರಿಗೆ ಕೈ ಮುಗಿದು ಹೋಗಿ ಕೆಲ್ಸಕ್ಕೆ."

"ಮುಗ್ದಿವ್ನಿ. ಆದ್ರೂ ಕೇಳ್ತೈತೆ."

ಅವನಿಗೇ ಒಂದು ಉಪಾಯ ಹೊಳೆಯಿತು. ಅವ್ವನನ್ನು ಫೋನಿನ ಹತ್ತಿರ ಕರೆದೊಯ್ದು, ವೀರಯ್ಯನ ಬಾಯಿಂದಲೇ ಕೇಳಿಸಿಬಿಡುವುದು. ಬಾಳ್ಳುಪೇಟೆಯ ಸಂತೆಯ ದಿನ ವೀರಯ್ಯ ಮಂಡಿಯಲ್ಲಿ ಕಾದಿರುವಂತೆ ಹೇಳಿ ಕಳಿಸಿದ. ಭದ್ರಮ್ಮ ಆಶ್ಚರ್ಯವಾಗುವಂತೆ ಒಪ್ಪಿದಳು. ಒಗೆದ ಸೀರೆ ಉಟ್ಟು, ಸೊಸೆಯ ಕೈ ಹಿಡಿದು, ಎಸ್ಟೇಟಿನ ಆಫೀಸಿಗೆ ಬಂದಳು. ಕರಿಯ ಯಂತ್ರವನ್ನು ಮೇಜಿನ ಮೇಲೆ ಕಂಡು, ಕೈಮುಗಿಯಬೇಕೋ ಬೇಡವೋ ಎಂಬಂತೆ ಎರಡು ಬೆರಳು ಮುಟ್ಟಿಸಿಕೊಂಡಳು.

ಪುಟ್ಟಸ್ವಾಮಿ ಕೂಗಿ ಕೂಗಿ ಬಾಳ್ಳುಪೇಟೆ ಹಿಡಿದು, ಅವಳ ಕಿವಿಗೆ ಇಟ್ಟ. ಸುಮಿತ್ರಮ್ಮ ಪಕ್ಕದಲ್ಲೇ ಇದ್ದಳು. ಅಳಿಯನ ಧ್ವನಿ ಡಬ್ಬದೊಳಗಿನ ಜೀರುಂಡೆಯಂತೆ ಅವಳಿಗೂ ಕೇಳಿಸಿತು.

"ಅತ್ತೇ, ನಾನು, ವೀರಯ್ಯ. ಏನು ಹೇಳ್ಲಿ ಅತ್ತೆ..." ಅಳು ಬಂತು. ನಿಂತಿತು.

ಭದ್ರಮ್ಮ ಆ ಅಳುವನ್ನು ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ, ಉಣುಗೋಲಿನ ಈಚೆ ನಿಂತವರು ಕೇಳುವಂತೆಯೇ ಕೇಳಿದಳು.

"ಯಾರ ಜೊತೆ ಬಂದ್ಯಪ್ಪ?"

"ಆಂ? ಯಾರೂ ಇಲ್ಲ ಅತ್ತೆ. ನಾನೊಬ್ನೇ ಇವ್ನಿ."

ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡ. ಭದ್ರಮ್ಮ ಯಂತ್ರವನ್ನು ಮಗನ ಕೈಗೆ ಕೊಟ್ಟಳು.

"ಒಬ್ನೇ ಅವ್ನಂತೆ," ಎಂದಳು.

ಮನೆಗೆ ಬಂದ ಮೇಲೆ ಎರಡು ತುತ್ತೂ ಇಳಿಯಲಿಲ್ಲ. ಮಜ್ಜಿಗೆ ಮಾತ್ರ ಕುಡಿದಳು. ಸಕಲೇಶಪುರದಿಂದ ಬಂದ ಡಾಕ್ಟರು ಕೈ ನೋಡಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಹಾಕಿ, ಇಲ್ಲದಿದ್ದರೆ ಹೂಮಳೆಯ ಹೊತ್ತಿಗೆ ಇವರು ಇರುವುದಿಲ್ಲ ಎಂದು ಹೇಳಿ ಹೋದರು. ಹೂಮಳೆ ಎಂದರೆ ಕಾಫಿಗಿಡ ಅರಳಿಸುವ ಬೇಸಗೆಯ ಮೊದಲ ಹನಿ. ಅದಕ್ಕೆ ಇನ್ನು ಹೆಚ್ಚು ದಿನವಿರಲಿಲ್ಲ.

"ಜವರಯ್ಯನ ಕರೆಸಿ," ಎಂದಳು ಸುಮಿತ್ರಮ್ಮ ಗಂಡನಿಗೆ. "ಕಲ್ಲುಕಟ್ಟೆಯಿಂದ ನಡ್ಕೊಂಡು ಬಂದು ಆಚೆ ನಿಂತು ಒಂದು ಮಾತು ಹೇಳ್ಲಿ. ಆ ಜೀವಕ್ಕೆ ಅಷ್ಟೇ ಬೇಕಾಗಿರೋದು."

"ಯಾವ ಜೀವಕ್ಕೆ?"

"ಎರಡಕ್ಕೂ."

ಜವರಯ್ಯ ಊರು ಬಿಟ್ಟು ಬಾಳ್ಳುಪೇಟೆ ಸೇರಿ ಎರಡು ವರ್ಷವಾಗಿತ್ತು. ಲಾರಿಗಳಿಗೆ ಮೂಟೆ ತುಂಬಿಸುವ ಕೆಲಸ, ಮಗ ಲಾರಿಯಲ್ಲೇ ಕ್ಲೀನರ್. ಗಂಡಹೆಂಡಿರು ಬಸ್ಸಿನಲ್ಲಿ ಹೋದರು. ಹೆದ್ದಾರಿಯ ಪಕ್ಕದ ಹಬೀಬನ ಹೋಟೆಲಿನ ಬೆಂಚಿನ ಮೇಲೆ, ಕಾಲ ಮೇಲೆ ಕಾಲು ಹಾಕಿ, ಜವರಯ್ಯ ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಿದ್ದ. ಇವರನ್ನು ಕಂಡು ಅಭ್ಯಾಸಬಲದಿಂದ ಎದ್ದ. ಎದ್ದವನು ಮತ್ತೆ ಕೂತ.

"ಬನ್ನಿ ಬುದ್ದಿ. ಕೂತ್ಕಳಿ. ಈ ಬೆಂಚು ಎಲ್ಲಾರ್ದುವೇ. ಹಬೀಬಣ್ಣ, ಇನ್ನೆರಡು ಟೀ ಹಾಕಪ್ಪ."

ಪುಟ್ಟಸ್ವಾಮಿ ಒಂದು ಗಳಿಗೆ ನಿಂತ. ಆಮೇಲೆ ಕೂತ. ಬಂದ ಕೆಲಸ ಹೇಳಿದ. ಜವರಯ್ಯ ಗಂಗಾಮಣಿಯ ಹೆಸರು ಕೇಳಿ ನೆಲ ನೋಡಿದ. "ಒಳ್ಳೆ ಹೆಣ್ಣುಮಗ. ನಂಗೆ ರೊಟ್ಟಿ ಎಸೀತಿರ್ಲಿಲ್ಲ, ಉಣುಗೋಲ ಮೇಲೆ ಇಟ್ಟು ಹೋಗ್ತಿತ್ತು," ಎಂದ. ಆದರೆ ಒಪ್ಪಲಿಲ್ಲ.

"ಬೇಡಿ ಬುದ್ದಿ. ನಮ್ಮಪ್ಪ ನಡೆದ, ನಾನು ನಡೆದೆ. ಮದುವೆ ಸುದ್ದಿ ಒಂದು ದಿನ ನಮ್ಮ ಕೈಯಾಗೆ ಕಳಿಸಿದ್ರಾ ನೀವು? ಬರೀ ಸಾವು. ನನ್ನ ಕಂಡ್ರೆ ಮಕ್ಳು ಬಾಗ್ಲು ಹಾಕ್ಕಳ್ಳವು. ನೀರು ಕೇಳಿದ್ರೆ ಮೇಲಿಂದ ಬೊಗಸೆಗೆ ಹುಯ್ಯೋರು. ನಿಮ್ಮ ಎಸ್ಟೇಟಿಗೆ ಆ ತಂತಿ ಬಂತು ನೋಡಿ, ನಮ್ಮನೇಲಿ ಅವತ್ತು ಪಾಯಸ ಮಾಡಿದ್ವಿ."

"ಇದೊಂದು ಸಲ, ಜವರಯ್ಯ," ಎಂದಳು ಸುಮಿತ್ರಮ್ಮ. "ನಿಂಗೆ ಕೈ ಮುಗಿತೀನಿ. ಅತ್ತೆ ಉಳಿಯಲ್ಲ."

"ಕೈ ಮುಗೀಬೇಡ್ರವ್ವ. ಇದೊಂದು ಸಲ ಅಂತ ನಡೆದ್ರೆ ನನ್ನ ಮಗನ್ನೂ ಕರೀತಾರೆ." ಟೀ ಮುಗಿಸಿ ಲೋಟ ಕೆಳಗಿಟ್ಟ. "ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಒಡಹುಟ್ಟಿದೋನು ಇವ್ರೇ ಇದ್ದಾರೆ, ಕಾಲು ನೆಟ್ಟಗವೆ. ಸತ್ತೋರ ಮನೆಯೋರು ನಡೀಬಾರ್ದು ಅಂತ ನಿಯಮ ಮಾಡಿದ್ಯಾರು? ನಾವಂತೂ ಅಲ್ಲ."

ಪುಟ್ಟಸ್ವಾಮಿ ಟೀ ಕುಡಿದು ಎದ್ದ. ಹೊರಡುವಾಗ ಸುಮಿತ್ರಮ್ಮ ತಡೆಯಲಾರದೆ ಕೇಳಿದಳು, "ನಿಜ ಹೇಳು ಜವರಯ್ಯ. ಪಕ್ಕದಾಗೆ ಯಾರಾದ್ರೂ ಬರ್ತಿದ್ರಾ?"

ಜವರಯ್ಯ ರಸ್ತೆಯ ಲಾರಿಗಳನ್ನು ನೋಡಿದ.

"ನಾನು ಪಕ್ಕಕ್ಕೆ ತಿರುಗಿ ನೋಡಿಲ್ಲ ಕಣವ್ವ," ಎಂದ.

ಆಮೇಲೆ ಕೆಲವು ದಿನ ಪುಟ್ಟಸ್ವಾಮಿ ಮನೆಯಲ್ಲಿ ಯಾರೊಂದಿಗೂ ಜಗಳವಾಡಲಿಲ್ಲ. ಅದಕ್ಕೇ ಸುಮಿತ್ರಮ್ಮನಿಗೆ ಹೆದರಿಕೆಯಾಯಿತು. ಒಂದು ಬೆಳಿಗ್ಗೆ ಎಸ್ಟೇಟಿಗೆ ರಜ ಹೇಳಿ ಕಳಿಸಿ, ಟವೆಲು ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದ. ಮೆಟ್ಟನ್ನು ಮೂಲೆಯಲ್ಲೇ ಬಿಟ್ಟಿದ್ದ. ಭದ್ರಮ್ಮ ಒಳಗೆ ಮಲಗಿದ್ದಳು.

"ಬಸ್ಸಿಗೆ ಕಲ್ಲುಕಟ್ಟೆಗೆ ಹೋಗ್ತೀನಿ. ಬರೋದು ನಾಳೆ ಮಧ್ಯಾಹ್ನ ಆಯ್ತದೆ."

"ಬರೋದು ಬಸ್ಸಿಗಲ್ವಾ?"

"ಅಲ್ಲ. ನಾಳೆ ನಾನು ಬಂದಾಗ ಗಂಡ ಅಂತ ಮಾತಾಡಿಸ್ಬೇಡ. ಚೆಲುವಿನ ಒಳಗೆ ಇಟ್ಕೋ. ನೀರು ತರ್ಬೇಡ."

"ಹಿಮ್ಮಡಿ ನೋವಿನಾಗೆ ಅಷ್ಟು ದೂರ..." ಎಂದವಳು, ಮಾತು ಅರ್ಧಕ್ಕೇ ನಿಲ್ಲಿಸಿದಳು. ಅವನು ಆಗಲೇ ಉಣುಗೋಲು ದಾಟಿದ್ದ.

ಮರುದಿನ ಸುಮಿತ್ರಮ್ಮ ಬೇಗನೆ ಅಡಿಗೆ ಮಾಡಿದಳು. ಹುರುಳಿಕಟ್ಟಿನ ಸಾರು, ಬಿಸಿ ಅನ್ನ, ಮಜ್ಜಿಗೆ. ಮಾಡಿದ್ದನ್ನು ಕೆಂಡದ ಮೇಲೆ ಬೆಚ್ಚಗಿಟ್ಟು, ಕಿಂಡಿಯ ಕಡೆಗೇ ಕಣ್ಣಿಟ್ಟಳು. ಮೊದಲು ಬಂದದ್ದು ಜೀಪಿನ ಸದ್ದು. ಖಲಂದರ್ ಸಾಬರು ಗಾಡಿ ನಿಲ್ಲಿಸಿ, ಉಣುಗೋಲಿನ ಹತ್ತಿರ ಬಂದು ಗಟ್ಟಿಯಾಗಿ ಕರೆದರು.

"ಅಮ್ಮಾ, ನಿಮ್ ರೈಟರಿಗೆ ಏನಾಗೈತೆ? ಹೊಳೆ ಸೇತುವೆ ಹತ್ರ ಬರಿಗಾಲಾಗೆ..."

ಸುಮಿತ್ರಮ್ಮ ಓಡಿದಳು. ಜೀವಮಾನದಲ್ಲಿ ಯಾವ ಗಂಡಸಿನ ಎದುರೂ ಹಾಗೆ ಓಡಿದವಳಲ್ಲ. ಬಾಯಿಗೆ ಬೆರಳಿಟ್ಟು, ಕಣ್ಣಲ್ಲೇ ಬೇಡಿಕೊಂಡಳು. ಸಾಬರು ದನಿ ತಗ್ಗಿಸಿದರು.

"ಹತ್ತಿ ಮಾರಾಯ್ರೇ ಅಂದ್ರೆ ಹತ್ತಲ್ಲ. ಜೊತೆಗೊಬ್ರವ್ರೆ ಅಂದ್ರು. ಯಾರೂ ಕಾಣ್ಲಿಲ್ಲ ನಂಗೆ. ಇಬ್ರಿಗೂ ಜಾಗ ಐತೆ ಅಂದೆ. ಅವ್ರು ಜೀಪಿನಾಗೆ ಬರೋಹಂಗಿಲ್ಲ ಅಂದು ನಡೆದೇ ಹೋದ್ರು."

"ಸಾಬ್ರೇ, ನಿಮ್ಮ ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಈ ಸುದ್ದಿ ನಿಮ್ಮ ಜೀಪಿನಾಗೆ ಬರ್ಬಾರ್ದು. ನೀವು ನೋಡೇ ಇಲ್ಲ ಅಂದ್ಕೊಂಡು ಹೋಗ್ಬುಡಿ."

ಸಾಬರು ಅವಳ ಮುಖ ನೋಡಿ, ಒಳಗಿನ ಜಗಲಿ ನೋಡಿ, ಅರ್ಥಮಾಡಿಕೊಂಡವರಂತೆ ತಲೆಯ ಮೇಲಿನ ಟೋಪಿ ಸರಿಪಡಿಸಿಕೊಂಡರು. ಗಾಡಿಯನ್ನು ಇಳಿಜಾರಿನ ತನಕ ತಳ್ಳಿಕೊಂಡು ಹೋಗಿ, ದೂರದಲ್ಲಿ ಸ್ಟಾರ್ಟ್ ಮಾಡಿದರು.

"ಯಾರದು ಸುಮಿತ್ರ?" ಭದ್ರಮ್ಮ ಜಗಲಿಗೆ ಬಂದು ಕೂತಿದ್ದಳು.

"ಸಾಬ್ರು. ದಾರಿ ತಪ್ಪಿ ಬಂದಿದ್ರು."

ಸೂರ್ಯ ನೆತ್ತಿಯಿಂದ ವಾಲಿದ ಮೇಲೆ ಅವನು ಕಾಣಿಸಿಕೊಂಡ. ಕಾಲು ಧೂಳಿನಿಂದ ಕೆಂಪಾಗಿತ್ತು, ಬಲಗಾಲನ್ನು ಎಳೆಯುತ್ತಿದ್ದ. ಕೈಯಲ್ಲಿ ಎಲೆ ಸವರಿದ ಹಸಿ ಕೋಲು. ಜಾಡು ಅಗಲವಾಗಿತ್ತು. ಅವನು ಬೇಲಿಯ ಮುಳ್ಳು ತೋಳಿಗೆ ತಾಗುವಷ್ಟು ಒಂದು ಮಗ್ಗುಲಿಗೆ ಒತ್ತಿಕೊಂಡು ಬರುತ್ತಿದ್ದ. ಇನ್ನೊಂದು ಮಗ್ಗುಲು ಖಾಲಿಯಿತ್ತು. ಸುಮಿತ್ರಮ್ಮನಿಗೆ ಸೊಂಟದ ಹತ್ತಿರ, ಹಿಂದೊಮ್ಮೆ ಗಂಗಾಮಣಿ ಚಿವುಟಿದ ಜಾಗ ತಣ್ಣಗಾಯಿತು.

ನಾಯಿ ಎದ್ದು ನಿಂತಿತು. ಒಡೆಯನ ಮೈಮೇಲೆ ಹಾರಲು ಹೋಗಲಿಲ್ಲ. ಅವನ ಪಕ್ಕಕ್ಕೆ ನೋಡಿ ಬಾಲ ಆಡಿಸಿತು.

ಅವನು ಉಣುಗೋಲನ್ನು ಮುಟ್ಟದೆ ಆಚೆ ನಿಂತ. ಟವೆಲು ತೆಗೆದು ಸೊಂಟಕ್ಕೆ ಬಿಗಿದ. ತನ್ನ ಮನೆಯ ಜಗಲಿಯ ಮೇಲೆ ಕೂತ ತನ್ನ ತಾಯಿಯನ್ನು ನೋಡಿ, ಹೊರಗಿನವನ ದನಿಯಲ್ಲಿ ಕೇಳಿದ.

"ಊಟ ಆಯ್ತಾ?"

ಭದ್ರಮ್ಮ ಅವನನ್ನು ನೋಡಿದಳು. ಮೊದಲು ಕಾಲು, ಆಮೇಲೆ ಕೋಲು, ಆಮೇಲೆ ಅವನ ಪಕ್ಕದ ಖಾಲಿ ಜಾಗ. ಕಂಬ ಹಿಡಿದು ಎದ್ದಳು.

"ಇಲ್ಲಪ್ಪ. ಇನ್ನೂ ಆಗಿಲ್ಲ. ವಸಿ ನಿಂತಿರು."

ಒಳಗೆ ಬಂದು ಕೈಕಾಲು ತೊಳೆದು ಕೂತಳು. ಸುಮಿತ್ರಮ್ಮ ಅಭ್ಯಾಸದಂತೆ ಎರಡು ಎಲೆ ಹಾಸಿದಳು. ಭದ್ರಮ್ಮ ಎರಡನೆಯದನ್ನು ಎತ್ತಿ ಮಡಚಿ ಪಕ್ಕಕ್ಕಿಟ್ಟಳು.

"ಅವ್ಳು ಆಚೆ ನಿಂತವ್ಳೆ. ನಂಗೆ ಬಡಿಸು. ಉಪ್ಪಿನಕಾಯಿ ಜಾಡಿ ತೆಗಿ."

ಉಂಡಳು. ಒಂದೊಂದೇ ತುತ್ತನ್ನು, ಗಂಟಲು ಒಪ್ಪದಿದ್ದರೂ, ನೀರು ಕುಡಿದು ಇಳಿಸಿದಳು. ಅನ್ನ ಮುಗಿದಾಗ ಇನ್ನೊಂದು ಸೌಟು ಹಾಕು ಎಂದಳು. ಇನ್ನೊಂದು ಸೌಟು ಸಾರು. ಮಗಳಿಗೆಂದು ಇಟ್ಟ ಉಪ್ಪಿನಕಾಯಿಯ ಹೋಳನ್ನು ಚೀಪಿ, ಬೀಜವನ್ನು ಎಲೆಯ ಅಂಚಿಗೆ ಸಾಲಾಗಿ ಇಟ್ಟಳು. ವಾರಗಳಿಂದ ಉಣ್ಣದ ಹೊಟ್ಟೆ, ಎಲ್ಲಿ ಕಕ್ಕಿಬಿಡುತ್ತಾಳೋ ಎಂದು ಸುಮಿತ್ರಮ್ಮನಿಗೆ ಭಯ.

"ಸಾಕು ಅತ್ತೆ, ನಿಧಾನ."

"ಅವ್ಳ ಹೆಸ್ರು ಕಿವಿಗೆ ಬಿದ್ದ ಮೇಲೆ ಇವತ್ತು ಒಲೆ ಹಚ್ಚೋಹಂಗಿಲ್ವಲ್ಲ. ಮಜ್ಜಿಗೆ ಹಾಕು."

ಚೆಲುವಿ ಬಾಗಿಲ ಹಿಂದಿನಿಂದ ಅಪ್ಪನನ್ನು ನೋಡುತ್ತಿದ್ದಳು. "ಅಮ್ಮ, ಅಪ್ಪಯ್ಯ ಬಿಸಿಲಾಗೆ ನಿಂತವ್ರೆ. ನೀರಾದ್ರೂ ಕೊಡಾಣ" ಎಂದು ಪಿಸುಗುಟ್ಟಿದಳು. ಸುಮಿತ್ರಮ್ಮ ಅವಳ ಭುಜ ಹಿಡಿದುಕೊಂಡಳು. ಕಿಂಡಿಯಿಂದ ಕಾಣುತ್ತಿತ್ತು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಇದೇ ಕಿಂಡಿಯಿಂದ ಎಷ್ಟು ಸಲ ನೋಡಿದ್ದೆ, ಜವರಯ್ಯನ ಕಾಲನ್ನು ಒಂದು ದಿನವಾದರೂ ನೋಡಿದ್ದೆನೇ ಎಂದು ಅವಳಿಗೆ ಅನ್ನಿಸಿತು. ನೆನಪಾಗಲಿಲ್ಲ.

ಭದ್ರಮ್ಮ ಎಲೆ ಮಡಚಿ, ಕೈ ತೊಳೆದು, ಬಾಯಿ ಮುಕ್ಕಳಿಸಿ, ಹಿತ್ತಾಳೆಯ ಚೊಂಬಿನಲ್ಲಿ ನೀರು ತುಂಬಿಕೊಂಡು ಹೊರಟಳು. ಆಧಾರ ಕೊಡಲು ಹೋದ ಸೊಸೆಯನ್ನು ಕೈಯಾಡಿಸಿ ತಡೆದಳು. ಅಂಗಳ ದಾಟಿ ಉಣುಗೋಲಿನ ಈಚೆ ನಿಂತಳು. ತಾಯಿ ಮಗನ ನಡುವೆ ಬಿದಿರ ಗಳುಗಳು.

"ಊಟ ಆಯ್ತು. ಯಾರ ಜೊತೆ ಬಂದ್ಯಪ್ಪ?"

ಪುಟ್ಟಸ್ವಾಮಿ ಕೋಲನ್ನು ಕೈ ಬದಲಿಸಿ ಹಿಡಿದ. ಎಸ್ಟೇಟಿನ ಆಫೀಸಿನಿಂದ ಓಡಿ ಬಂದ ದಿನ ಒಂದೇ ಉಸಿರಿಗೆ ಬಂದಿದ್ದ ಮಾತು ಈಗ ಬರಲೊಲ್ಲದು.

"ಗಂಗಾಮಣಿ," ಎಂದ. "ಕಲ್ಲುಕಟ್ಟೆಯಿಂದ. ಗಂಗಾಮಣಿ ಜೊತೆ ಬಂದೆ."

ಭದ್ರಮ್ಮ ತಲೆಯಾಡಿಸಿದಳು. ಅವನ ಕಡೆಗಲ್ಲ, ಅವನ ಪಕ್ಕಕ್ಕೆ.

"ತಡವಾಯ್ತು ಕಣವ್ವ," ಎಂದಳು. "ದಾರಿ ಬಾಳ ಉದ್ದ."

ಗಳುಗಳ ಸಂದಿಯಲ್ಲಿ ಕೈ ತೂರಿಸಿ ಚೊಂಬನ್ನು ಬಗ್ಗಿಸಿದಳು. ನೀರು ಧೂಳಿನ ಮೇಲೆ ಬಿದ್ದು, ಒಂದು ಗಳಿಗೆ ಗುಂಡಾಗಿ ನಿಂತು, ಇಂಗಿತು. "ಕುಡಿದು ಹೋಗು ಮಗ."

ಪುಟ್ಟಸ್ವಾಮಿ ಕೋಲನ್ನು ಮಂಡಿಗೆ ಕೊಟ್ಟು ಮುರಿದ. ಹಸಿ ಕೋಲು, ಒಂದೇ ಸಲಕ್ಕೆ ಮುರಿಯಲಿಲ್ಲ. ತಿರುಚಿ, ಸಿಪ್ಪೆ ಹರಿದು, ಎರಡು ತುಂಡನ್ನೂ ಕಲ್ಲುಗಂಬದ ಬುಡಕ್ಕೆ ಹಾಕಿ ಹಿಂದಿರುಗಿದ. ನಾಳೆ ಬೆಳಿಗ್ಗೆ ಅವನು ಗಳು ಸರಿಸಿ ಮಗನಾಗಿ ಒಳಗೆ ಬರಬಹುದು. ಇವತ್ತು ಅವನು ಹೋಗಲೇಬೇಕು.

ಆಗ ಭದ್ರಮ್ಮನ ಒಳಗಿನಿಂದ ಅದು ಬಂತು. ಗಳುವನ್ನು ಎರಡೂ ಕೈಯಲ್ಲಿ ಹಿಡಿದು, ಮಗಳ ಹೆಸರು ಹಿಡಿದು, ಹುಟ್ಟಿದ ದಿನದಿಂದ ಒಂದೊಂದನ್ನೇ ಎತ್ತಿ ಆಡಿಕೊಂಡು ಅಳತೊಡಗಿದಳು. ಆ ದನಿ ಗದ್ದೆಬಯಲು ದಾಟಿ ಆಚೆ ದಂಡೆಯ ಮನೆಗಳಿಗೆ ಮುಟ್ಟಿತು. ಅಲ್ಲಿನ ಹೆಂಗಸರು ಕೈಯ ಕೆಲಸ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಬರುತ್ತಿರುವುದು ಕಂಡಿತು.

ಸುಮಿತ್ರಮ್ಮ ಅತ್ತೆಯ ಬೆನ್ನಿಗೆ ಕೈಯಿಟ್ಟು ನಿಂತಳು. ಅವಳ ಕಣ್ಣು ಜಾಡಿನ ಮೇಲಿತ್ತು. ಗಂಡ ಕುಂಟುತ್ತ ಹೋಗುತ್ತಿದ್ದ, ತಿರುಗಿ ನೋಡಲಿಲ್ಲ. ಬರುವಾಗ ಬೇಲಿ ಒತ್ತಿಕೊಂಡು ಬಂದವನು, ಈಗ ನಡುದಾರಿಯಲ್ಲಿ ನಡೆಯುತ್ತಿದ್ದ.